ಪುಟ್ಟ ಲ್ಯಾಪ್‌ಟಾಪಿನ ಜೊತೆಗೆ ಏನೇನು ಬೇಕು

ಚಿಕ್ಕ ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಸಾಧನಗಳನ್ನು ಕೊಳ್ಳುವಾಗ ಗಮನಿಸಬೇಕಾದದ್ದು ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಸಂಖ್ಯೆಗಳನ್ನಲ್ಲ, ನಾವು ದಿನವಿಡೀ ಮಾಡುವ ಕೆಲಸವನ್ನು ಎಂಬುದು ಕಳೆದ ಕೆಲವು ತಿಂಗಳ ಬಳಕೆಯಿಂದ ನನಗೆ ಮನದಟ್ಟಾಗಿದೆ. ನನ್ನದು 11.6 ಇಂಚಿನ ಪರದೆಯ, ಒಂದು ಕಿಲೋಗಿಂತ ತುಸು ಹೆಚ್ಚು ತೂಗುವ, ಒಳಗೆ ಫ್ಯಾನ್ ಇಲ್ಲದ ಯಂತ್ರ. ಮೈಸೂರಿನ ಸರಸ್ವತಿಪುರಂನ ಮನೆಯಲ್ಲಿ ಕುಳಿತು ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಮಂಡ್ಯದ ತವರಿಗೆ ರೈಲಿನಲ್ಲಿ ಹೋಗುವಾಗಲೂ ಈ ಕೆಲಸ ಚೀಲದೊಳಗೆ ಜೊತೆಗೆ ಬರುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದೆಲ್ಲ ಕನ್ನಡ ಟೈಪ್ ಮಾಡುವವರ, ಕನ್ನಡ ಓದುವವರ ಕಣ್ಣಿನಿಂದ ಕಂಡದ್ದು.

ಮೊದಲ ಸ್ಥಾನ ಕೀಲಿಮಣೆಗೆ ಸಲ್ಲಬೇಕು. ಯಂತ್ರದ ಅಗಲ ಕಡಿಮೆಯಾದಾಗ ತಯಾರಕರು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳ ಕೀಲಿಗಳನ್ನು ಹೆಚ್ಚುಕಡಿಮೆ ಪೂರ್ಣ ಗಾತ್ರದಲ್ಲೇ ಉಳಿಸಿಕೊಂಡು, ಬಲ ಅಂಚಿನಲ್ಲಿರುವ ವಿರಾಮಚಿಹ್ನೆಗಳ ಕೀಲಿಗಳನ್ನು ಕಿರಿದಾಗಿಸುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ, ಏಕೆಂದರೆ ಅರ್ಧವಿರಾಮವನ್ನೋ ಚೌಕ ಆವರಣವನ್ನೋ ಅವರು ಒತ್ತುವುದು ಅಪರೂಪ. ಆದರೆ 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಬರೆಯುವ ನನ್ನಂಥವರಿಗೆ ಆ ಅಂಚಿನಲ್ಲೇ ಅಕ್ಷರಗಳಿವೆ: ಅರ್ಧವಿರಾಮದ ಕೀಲಿಯಲ್ಲಿ ‘ಚ’, ಅದರ ಪಕ್ಕದಲ್ಲಿ ‘ಟ’, ಮೇಲಿನ ಸಾಲಿನ ಚೌಕ ಆವರಣದಲ್ಲಿ ‘ಡ’, ಕೆಳಗೆ ಓರೆಗೆರೆಯ ಕೀಲಿಯಲ್ಲಿ ‘ಯ’. ‘ಚಟುವಟಿಕೆ’ ಎಂಬ ಒಂದು ಪದದ ಐದು ವ್ಯಂಜನಗಳಲ್ಲಿ ಮೂರು ಈ ಕಿರಿದಾದ ಕೀಲಿಗಳ ಮೇಲೆಯೇ ಬೀಳುತ್ತವೆ. ಇನ್ನು ‘ಯ’ ಇಲ್ಲದ ಕನ್ನಡ ವಾಕ್ಯವನ್ನು ಹುಡುಕಿ ತೆಗೆಯಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ‘ಯ’ ಕೀಲಿಯ ಪಕ್ಕದಲ್ಲೇ ಮೇಲ್ಮುಖದ ಬಾಣದ ಕೀಲಿಯನ್ನು ತುರುಕಿದ್ದಾರೆ. ಬೆರಳು ಕೂದಲೆಳೆಯಷ್ಟು ಸರಿದರೂ ಕರ್ಸರ್ ಮೇಲಿನ ಸಾಲಿಗೆ ಜಿಗಿದು, ಮುಂದಿನ ಅಕ್ಷರಗಳು ಅಲ್ಲಿನ ಪದವೊಂದರ ಹೊಟ್ಟೆಯೊಳಗೆ ಸೇರಿಕೊಳ್ಳುತ್ತವೆ. ಕರಡು ತಿದ್ದುವ ಕೆಲಸದಲ್ಲಿ ಇದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿಲ್ಲ, ಏಕೆಂದರೆ ತಿದ್ದುವವರೇ ಹೊಸ ತಪ್ಪನ್ನು ಒಳಗೆ ಬಿಟ್ಟಂತಾಗುತ್ತದೆ.

ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೆ.ಪಿ. ರಾವ್ ವಿನ್ಯಾಸದಲ್ಲಿ ಬರೆಯುವವರಿಗೆ ಈ ತೊಂದರೆ ಇಲ್ಲ. ಅದರಲ್ಲಿ ಕನ್ನಡದ ಎಲ್ಲ ಅಕ್ಷರಗಳೂ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಅಡಕವಾಗಿವೆ. ಆದರೆ ದೀರ್ಘಸ್ವರಕ್ಕೂ ಮಹಾಪ್ರಾಣಕ್ಕೂ ‘ಣ’, ‘ಳ’, ‘ಶ’ಗಳಿಗೂ ಶಿಫ್ಟ್ ಒತ್ತಬೇಕಾದ್ದರಿಂದ, ಅವರು ಕೊಳ್ಳುವ ಮುನ್ನ ಎರಡೂ ಬದಿಯ ಶಿಫ್ಟ್ ಕೀಲಿಗಳ ಅಗಲವನ್ನು ಒತ್ತಿ ನೋಡುವುದು ಒಳ್ಳೆಯದು.

ನಾನು ಆರಿಸಿಕೊಂಡದ್ದು ಅಂಕಿಗಳ ಪ್ರತ್ಯೇಕ ವಿಭಾಗವಿಲ್ಲದ, ಕೀಲಿಯಿಂದ ಕೀಲಿಗೆ ಪೂರ್ಣ 19 ಮಿಲಿಮೀಟರ್ ಅಂತರವಿರುವ, ತಂತಿಯ ಕೀಲಿಮಣೆ. ಬ್ಲೂಟೂತ್ ಕೀಲಿಮಣೆ ಒಂದು ಪೋರ್ಟನ್ನು ಉಳಿಸುತ್ತದೆ ಎಂಬುದು ನಿಜ. ಆದರೂ ಅದು ಸ್ವಲ್ಪ ಹೊತ್ತು ಸುಮ್ಮನಿದ್ದು ಎಚ್ಚರಗೊಳ್ಳುವಾಗ ಮೊದಲ ಅಕ್ಷರವೊಂದನ್ನು ನುಂಗಿಬಿಡುವುದುಂಟು, ಮತ್ತು ಕನ್ನಡದಲ್ಲಿ ಹಾಗೆ ಕಳೆದುಹೋದದ್ದು ಒಂದು ಹಲಂತ ಚಿಹ್ನೆಯಾಗಿದ್ದರೆ ಒತ್ತಕ್ಷರವೇ ಒಡೆದುಹೋಗುತ್ತದೆ.

ಎರಡನೆಯದು ದೊಡ್ಡ ಪರದೆ. ನನ್ನ ಲ್ಯಾಪ್‌ಟಾಪಿನ 1366 × 768 ಚುಕ್ಕೆಗಳ ಪರದೆಯಲ್ಲಿ ಇಂಚಿಗೆ ಸುಮಾರು 135 ಚುಕ್ಕೆಗಳು ಬೀಳುತ್ತವೆ. 1920 × 1080ರ 21.5 ಇಂಚಿನ ಮಾನಿಟರಿನಲ್ಲಿ ಸುಮಾರು 102. ಅಂದರೆ ಮಾನಿಟರಿನಲ್ಲಿ ಚುಕ್ಕೆಗಳ ಸಾಂದ್ರತೆ ಕಡಿಮೆ, ಆದರೆ ಅದೇ ಅಕ್ಷರ ಹೆಚ್ಚು ದೊಡ್ಡದಾಗಿ ಕಾಣುತ್ತದೆ, ಎರಡು ಪುಟಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ‘ಧ’ಕ್ಕೂ ‘ಥ’ಕ್ಕೂ ಇರುವುದು ಒಳಗಿನ ಒಂದು ಚುಕ್ಕೆ, ಹೊತ್ತು ಕಳೆದಂತೆ ದಣಿದ ಕಣ್ಣಿಗೆ ಚಿಕ್ಕ ಪರದೆಯಲ್ಲಿ ಮೊದಲು ತಪ್ಪಿಹೋಗುವುದು ಇವೇ. ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳಿಗೂ ಜಾಗ ಬೇಕಾದ್ದರಿಂದ, 768 ಚುಕ್ಕೆಗಳ ಎತ್ತರದಲ್ಲಿ ಮೆನು ಪಟ್ಟಿಗಳು ಕಳೆದು ಉಳಿಯುವ ಸಾಲುಗಳು ತೀರ ಕಡಿಮೆ.

ಮಾನಿಟರನ್ನು ಜೋಡಿಸಲು ಟೈಪ್-ಸಿ ಹಬ್, ಅಂದರೆ ಒಂದು ಟೈಪ್-ಸಿ ಪೋರ್ಟನ್ನು ಹಲವು ಪೋರ್ಟುಗಳಾಗಿ ಕವಲೊಡೆಸುವ ಪುಟ್ಟ ಸಾಧನ, ಬೇಕಾಯಿತು. ಇಲ್ಲಿ ಎರಡು ಸಂಗತಿಗಳನ್ನು ಸ್ಪಷ್ಟವಾಗಿ ತಿಳಿದಿರಬೇಕು. ಎಲ್ಲ ಟೈಪ್-ಸಿ ಪೋರ್ಟುಗಳೂ ಚಿತ್ರವನ್ನು ಹೊರಗೆ ಕಳುಹಿಸುವುದಿಲ್ಲ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಕೆಲವು ಪೋರ್ಟುಗಳು ಕಡತ ಸಾಗಿಸಲು ಮಾತ್ರ ಇರುತ್ತವೆ, ಅಂಥದ್ದಕ್ಕೆ ಎಷ್ಟು ಬೆಲೆಯ ಹಬ್ ಹಾಕಿದರೂ ಮಾನಿಟರಿನಲ್ಲಿ ಏನೂ ಮೂಡದು. ಇನ್ನೊಂದು, ಪೆಟ್ಟಿಗೆಯ ಮೇಲೆ ಫೋರ್-ಕೆ (3840 × 2160 ಚುಕ್ಕೆಗಳ ಚಿತ್ರ) ಎಂದಿದ್ದರೂ ಚಿತ್ರ ಹೊಸದಾಗಿ ಮೂಡುವುದು ಸೆಕೆಂಡಿಗೆ 30 ಬಾರಿಯೋ 60 ಬಾರಿಯೋ ಎಂಬುದನ್ನು ನೋಡಬೇಕು. ಟೈಪ್-ಸಿಯೊಳಗೆ ವೇಗದ ನಾಲ್ಕು ಪಥಗಳಿದ್ದು, ಹಬ್ಬುಗಳು ಬಹುಮಟ್ಟಿಗೆ ಎರಡನ್ನು ಚಿತ್ರಕ್ಕೂ ಎರಡನ್ನು ಕಡತಗಳಿಗೂ ಹಂಚುತ್ತವೆ. ಹಳೆಯ ಡಿಸ್‌ಪ್ಲೇಪೋರ್ಟ್ 1.2 ಎಂಬ ಚಿತ್ರ ಸಾಗಿಸುವ ಮಾನಕದ ವೇಗದಲ್ಲಿ ಆ ಎರಡು ಪಥಗಳಿಗೆ ಫೋರ್-ಕೆ ಚಿತ್ರವನ್ನು 60 ಬಾರಿ ಸಾಗಿಸುವ ಶಕ್ತಿಯಿಲ್ಲ. 30 ಬಾರಿಯ ಪರದೆಯಲ್ಲಿ ಮೌಸ್ ಬಾಣ ಕೈಯ ಹಿಂದೆ ಎಳೆದುಕೊಂಡು ಬಂದಂತೆ ಅನಿಸುತ್ತದೆ. ನನ್ನಂತೆ 1920 × 1080ರ ಮಾನಿಟರ್ ಇರುವವರಿಗೆ ಈ ಚಿಂತೆಯಿಲ್ಲ. ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಅಲ್ಲಿನ ಹುಡುಗ, “ಬಾಕ್ಸ್ ಮೇಲಿರೋದನ್ನ ನಂಬ್ಬೇಡಿ ಮೇಡಂ, ನಿಮ್ ಲ್ಯಾಪ್‌ಟಾಪ್ ತಂದು ಹಾಕಿ ನೋಡಿ, ಬಂದ್ರೆ ತಗೊಳಿ” ಎಂದ. ಅಂತರ್ಜಾಲದಲ್ಲಿ ನೂರು ರೂಪಾಯಿ ಉಳಿಯಬಹುದು, ಆದರೆ ಹೀಗೆ ಹಾಕಿ ನೋಡುವ ಅವಕಾಶಕ್ಕಾಗಿಯೇ ನಾನು ಊರಿನ ಅಂಗಡಿಗೆ ಹೋಗುತ್ತೇನೆ.

ಹಬ್ ಬಂದ ಮೇಲೆ ತಂತಿರಹಿತ ಮೌಸ್ ವಿಚಿತ್ರವಾಗಿ ವರ್ತಿಸತೊಡಗಿತು. ಹೊರಗಿನ ಡಿಸ್ಕಿಗೆ ಕಡತಗಳನ್ನು ನಕಲು ಮಾಡುವಾಗ ಮಾತ್ರ ಬಾಣ ತಡವರಿಸುತ್ತಿತ್ತು, ಬೇರೆ ವೇಳೆಯಲ್ಲಿ ನೆಟ್ಟಗಿರುತ್ತಿತ್ತು. ಇದರ ಕಾರಣ ಮೌಸಿನಲ್ಲಿಲ್ಲ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಹೊರಸೂಸುತ್ತದೆ, ತಂತಿರಹಿತ ಮೌಸಿನ ಪುಟ್ಟ ರಿಸೀವರ್ ಕೇಳುವುದೂ ಅದೇ ಪಟ್ಟಿಯಲ್ಲಿ. ಇದನ್ನು ಇಂಟೆಲ್ ಸಂಸ್ಥೆ 2012ರಲ್ಲೇ ಒಂದು ತಾಂತ್ರಿಕ ವರದಿಯಲ್ಲಿ ವಿವರಿಸಿದೆ. ದೊಡ್ಡ ಯಂತ್ರದಲ್ಲಿ ಪೋರ್ಟುಗಳು ದೂರದೂರ ಇರುವುದರಿಂದ ಇದು ಗೊತ್ತಾಗದೆ ಹೋಗಬಹುದು, ಚಿಕ್ಕ ಯಂತ್ರದಲ್ಲಿ ಎಲ್ಲವೂ ಒತ್ತೊತ್ತಾಗಿ ಕುಳಿತಿರುತ್ತವೆ. ರಿಸೀವರನ್ನು ಹಬ್ಬಿನಿಂದ ತೆಗೆದು ಲ್ಯಾಪ್‌ಟಾಪಿನ ಎದುರು ಬದಿಯ ಪೋರ್ಟಿಗೆ ಹಾಕಿದ ಕೂಡಲೇ ಸರಿಹೋಯಿತು. ಅಂಥ ಪೋರ್ಟ್ ಇಲ್ಲದವರು ಗೇಣುದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಬಳಸಿದರೂ ಸಾಕು.

ಸ್ಟ್ಯಾಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತ್ಯೇಕ ಕೀಲಿಮಣೆ ಇದ್ದಾಗ ಮಾತ್ರ ಅದಕ್ಕೆ ಅರ್ಥ, ಇದ್ದರೆ ಕತ್ತಿಗೆ ಬಹಳ ಆರಾಮ. ಫ್ಯಾನುಗಳಿರುವ ಕೂಲಿಂಗ್ ಪ್ಯಾಡ್ ಮಾತ್ರ ನನ್ನಂಥ ಯಂತ್ರಕ್ಕೆ ಬೇಡ: ತಳದಲ್ಲಿ ಗಾಳಿ ಎಳೆದುಕೊಳ್ಳುವ ರಂಧ್ರಗಳೇ ಇಲ್ಲ, ಪ್ರೊಸೆಸರ್ ಕಡಿಮೆ ವ್ಯಾಟಿನದು, ಮೇಲಾಗಿ ಅದು ಇರುವ ಒಂದೆರಡು ಪೋರ್ಟುಗಳಲ್ಲಿ ಒಂದನ್ನು ನುಂಗುತ್ತದೆ. ಹೊರಗಿನ ಡಿಸ್ಕಾಗಿ ಸಾಧಾರಣ 2.5 ಇಂಚಿನ, ಚಿಪ್ಪುಗಳಲ್ಲಿ ಕಡತ ಇಡುವ, ಸಾಟಾ ಬಗೆಯ ಎಸ್‌ಎಸ್‌ಡಿಯನ್ನು ಕವಚದೊಳಗೆ ಹಾಕಿಟ್ಟುಕೊಂಡಿದ್ದೇನೆ. ಅದಕ್ಕಿಂತ ವೇಗದ ಎನ್‌ವಿಎಂಇ ಎಂಬ ಬಗೆಯ ಎಸ್‌ಎಸ್‌ಡಿಯ ಕವಚಗಳು ಬಿಸಿಯಾಗುತ್ತವೆ, ಹೆಚ್ಚು ವಿದ್ಯುತ್ ಎಳೆಯುತ್ತವೆ, ಪುಟ್ಟ ಲ್ಯಾಪ್‌ಟಾಪಿನ ಪೋರ್ಟ್ ಆ ವೇಗವನ್ನು ಹೊರುವುದೂ ಇಲ್ಲ.

ವಿದ್ಯುತ್ತಿನ ವಿಷಯದಲ್ಲಿ ಪವರ್ ಬ್ಯಾಂಕ್ ಕೊಳ್ಳುವವರು ಲೆಕ್ಕ ಹಾಕಿಯೇ ಕೊಳ್ಳಬೇಕು. ಅದರ ಮೇಲೆ ಬರೆದಿರುವ 20,000 ಎಂಎಎಚ್ ಒಳಗಿನ ಸೆಲ್ಲುಗಳ 3.7 ವೋಲ್ಟಿನ ಲೆಕ್ಕ. ಗುಣಿಸಿದರೆ 74 ವ್ಯಾಟ್-ಅವರ್. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ 38 ವ್ಯಾಟ್-ಅವರ್ ಆದ್ದರಿಂದ, ಪರಿವರ್ತನೆಯಲ್ಲಿ ಸೋರಿದ್ದನ್ನು ಕಳೆದು ಸುಮಾರು ಒಂದೂವರೆ ಬಾರಿ ತುಂಬುತ್ತದೆ. ಆದರೆ ಫೋನಿಗೆಂದೇ ಮಾಡಿದ, 9 ಅಥವಾ 12 ವೋಲ್ಟಿಗೆ ನಿಲ್ಲುವ ಪವರ್ ಬ್ಯಾಂಕಿನಿಂದ ಬಹಳಷ್ಟು ಲ್ಯಾಪ್‌ಟಾಪುಗಳು ಚಾರ್ಜ್ ಆಗುವುದಿಲ್ಲ. ಪವರ್ ಡೆಲಿವರಿ ಎಂಬ ಟೈಪ್-ಸಿ ಚಾರ್ಜಿಂಗ್ ಪದ್ಧತಿಯಲ್ಲಿ 20 ವೋಲ್ಟ್ ಕೊಡುವಂಥದ್ದೇ ಬೇಕು. ಹಬ್ಬಿನ ಮೂಲಕ ಚಾರ್ಜ್ ಮಾಡುವವರು ಇನ್ನೊಂದನ್ನು ನೆನಪಿಡಬೇಕು: ಹಬ್ ತನ್ನ ಕೆಲಸಕ್ಕೆಂದು ಒಂದಷ್ಟು ವ್ಯಾಟ್ ಹಿಡಿದಿಟ್ಟುಕೊಳ್ಳುವುದರಿಂದ 45 ವ್ಯಾಟಿನ ಚಾರ್ಜರ್ ಪೂರ್ತಿಯಾಗಿ ಲ್ಯಾಪ್‌ಟಾಪನ್ನು ತಲುಪುವುದಿಲ್ಲ. 65 ವ್ಯಾಟಿನದು ತಂದ ಮೇಲೆ ನನಗೆ ಈ ಕೊರತೆ ಕಾಣಲಿಲ್ಲ.

ಮಂಡ್ಯದ ಮನೆಗೆಂದು ಒಯ್ಯುವಂಥ ಮಾನಿಟರೊಂದನ್ನು ಕೊಳ್ಳುವ ಯೋಚನೆಯಿತ್ತು. ಕವರ್ ಸಮೇತ ಕೈಯಲ್ಲಿ ಹಿಡಿದು ನೋಡಿದರೆ ಅದರ ತೂಕ ನನ್ನ ಲ್ಯಾಪ್‌ಟಾಪಿನ ತೂಕಕ್ಕೆ ಸಮೀಪಿಸುತ್ತಿತ್ತು, ಹಾಗಾಗಿ ಕೈಬಿಟ್ಟೆ. ಅದರ ಬದಲು ಅಲ್ಲಿ ಹಾಲಿನಲ್ಲಿರುವ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕುತ್ತೇನೆ. ಮೊದಲಿಗೆ ಅಂಚುಗಳು ಕತ್ತರಿಸಿದಂತೆ ಕಂಡವು, ಕಪ್ಪಲ್ಲದ ಬಣ್ಣದ ಅಕ್ಷರಗಳು, ಮುಖ್ಯವಾಗಿ ತಿದ್ದುಪಡಿ ಗುರುತಿಸುವ ಕೆಂಪು ಅಕ್ಷರಗಳು, ಮಸುಕಾಗಿದ್ದವು. ಚಲನಚಿತ್ರಕ್ಕೆಂದು ಟಿವಿಗಳು ಬಣ್ಣದ ವಿವರವನ್ನು ಕಡಿಮೆ ಮಾಡಿಕೊಳ್ಳುವುದು ಇದಕ್ಕೆ ಕಾರಣ. ಚಿತ್ರದ ಅಳತೆಯ ಸೆಟ್ಟಿಂಗಿನಲ್ಲಿ ಪರದೆಗೆ ಸರಿಹೊಂದಿಸುವ ಆಯ್ಕೆಯನ್ನು ಆರಿಸಿ, ಎಚ್‌ಡಿಎಂಐ ಇನ್‌ಪುಟ್ಟಿನ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಕೆಲವು ಟಿವಿಗಳಲ್ಲಿ ಇವೆರಡೂ ಸರಿಯಾಗುತ್ತವೆ. ನಮ್ಮ ಮನೆಯದರಲ್ಲಿ ಆಯಿತು. ಅಪ್ಪ ವಾರ್ತೆ ನೋಡಲು ಬರುವವರೆಗೆ ಎರಡು ಅಧ್ಯಾಯಗಳ ಕೆಂಪು ಗುರುತುಗಳನ್ನು ಅಲ್ಲಿಯೇ ಪರಿಶೀಲಿಸಿ ಮುಗಿಸಬಹುದು.