ಅಳೆಯದೆ ಬಿಟ್ಟ ಎರಡು ಸೆಂಟಿಮೀಟರ್

ಟಿಪ್ಪರ್ ಚಾಲಕನ ಮೇಲೆ ನಾನು ರೇಗಾಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದೂವರೆಗೆ ಅವನ ಮುಖ ನೋಡಲಾಗದೆ ಟೇಪು ಸುತ್ತುತ್ತ ನಿಂತಿದ್ದೆ. ಮನೆಯಂಗಳ, ಕೈತೋಟಗಳ ಗುತ್ತಿಗೆ ಕೆಲಸಕ್ಕೆ ಎಸ್ಟಿಮೇಟ್ ಹಾಕುವವನು ನಾನು. ಜಲ್ಲಿಯ ಲೆಕ್ಕ ಬಾಯಿಪಾಠ ಎಂಬ ಜಂಬ ಆ ಅರ್ಧ ಗಂಟೆಯಲ್ಲಿ ಇಳಿಯಿತು.

ಕೆಲಸ ದೊಡ್ಡದೇನಲ್ಲ. ಗೇಟಿನಿಂದ ಮನೆಯವರೆಗೆ 30 ಮೀಟರ್ ಉದ್ದ, 1.2 ಮೀಟರ್ ಅಗಲದ ಕಾಲುದಾರಿ. ಮನೆಯ ಮುಂದೆ 8 ಮೀಟರ್ ವ್ಯಾಸದ ದುಂಡನೆಯ ಅಂಗಳ. ದಾರಿ 36 ಚದರ ಮೀಟರ್, ಅಂಗಳ 50 ಚಿಲ್ಲರೆ. ನಕ್ಷೆಯಲ್ಲಿ ಜಲ್ಲಿಯ ದಪ್ಪ 50 ಮಿಲಿಮೀಟರ್ ಎಂದಿತ್ತು. ಗುಣಿಸಿದರೆ 4.3 ಘನ ಮೀಟರ್. ಸಡಿಲ ಜಲ್ಲಿ ಘನ ಮೀಟರಿಗೆ ಸುಮಾರು ಒಂದೂವರೆ ಟನ್ ತೂಗುತ್ತದೆ. ಆರೂವರೆ ಟನ್‌ಗೆ ಆರ್ಡರ್ ಕೊಟ್ಟೆ.

ಮೊದಲು ಶೇಕಡ 10ರಷ್ಟು ವೇಸ್ಟೇಜ್ ಸೇರಿಸಿದ್ದೆ. ಕೊಟೇಶನ್ ಭಾರವಾಗುತ್ತದೆ ಎಂದು ಮ್ಯಾನೇಜರ್ ಅದನ್ನು ಹೊಡೆದುಹಾಕಿದರು. ಜಲ್ಲಿಯಡಿ ಹಾಸುವ ಬಟ್ಟೆಯೂ ಅದೇ ಪೆನ್ನಿಗೆ ಬಲಿಯಾಯಿತು. ಬಟ್ಟೆಯಿಲ್ಲದಿದ್ದರೆ ಮೆತ್ತನೆಯ ಮಣ್ಣು ಕಲ್ಲನ್ನು ನುಂಗುತ್ತದೆ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ನಮ್ಮ ಎಕ್ಸೆಲ್ ಹಾಳೆಯ ಕಥೆ ಇನ್ನೊಂದು. ಉದ್ದ, ಅಗಲ ತುಂಬುವ ಕೋಶಗಳು ತೆರೆದಿರುತ್ತವೆ, ದಪ್ಪದ ಕೋಶಕ್ಕೆ ಮಾತ್ರ ಬೀಗ. ಅದರೊಳಗೆ ಯಾವ ಕಾಲದಿಂದಲೋ 50 ಕುಳಿತಿದೆ.

ಹಿಂದಿನ ದಿನ ಮೇಸ್ತ್ರಿ ಒಂದು ಮಾತು ಹೇಳಿದ್ದರು. "ಸರ್, ಹಿಂದಿನ ಕೆಲಸದಲ್ಲಿ ಉಳಿದ ಜಲ್ಲಿ ಒಂದಿಷ್ಟು ಗಾಡಿಯಲ್ಲಿದೆ. ಮೀಟರಿಗೆ ಮೀಟರ್ ಒಂದು ಚೌಕ ತುಂಬಿ, ಎಷ್ಟು ಬಾಣಲಿ ಹಿಡಿಯುತ್ತದೆ ನೋಡೋಣವೇ?" ನಾನು ನಕ್ಕು ಮೊಬೈಲ್ ತೋರಿಸಿ, "ಲೆಕ್ಕ ಇದರಲ್ಲೇ ಆಗಿದೆ ಮೇಸ್ತ್ರಿಗಳೇ" ಎಂದೆ. ಅವರು ಬೀಡಿ ಹಚ್ಚಿಕೊಂಡರು, ಮತ್ತೆ ಮಾತಾಡಲಿಲ್ಲ.

ಮರುದಿನ ಜಲ್ಲಿ ಬಂತು. ಅಂಗಳ ತುಂಬಿತು, ದಾರಿ ಶುರುವಾಯಿತು. ಒಂಬತ್ತು ಮೀಟರ್ ಸಾಗುವಷ್ಟರಲ್ಲಿ ರಾಶಿ ಮುಗಿಯಿತು. ಮುಂದೆ ಗೇಟಿನವರೆಗೆ 21 ಮೀಟರ್ ಬರಿಯ ಕೆಂಪು ಮಣ್ಣು. ಮನೆಯೊಡತಿ ಜಗುಲಿಯ ಮೇಲೆ ಕೈಕಟ್ಟಿ ನಿಂತು, ಒಮ್ಮೆ ಜಲ್ಲಿಯನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದರು. ಬೈದಿದ್ದರೂ ಅಷ್ಟು ಕಷ್ಟವಾಗುತ್ತಿರಲಿಲ್ಲ.

ತೂಕದಲ್ಲಿ ಮೋಸವಾಗಿದೆ ಎಂಬುದೇ ನನಗೆ ಮೊದಲು ಹೊಳೆದದ್ದು. ಲೆಕ್ಕ ತಪ್ಪಿರಬಹುದು ಎಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ. ಬಾಡಿಗೆಯ ಚೀಟಿಗೆ ಸಹಿಗಾಗಿ ಕಾಯುತ್ತಿದ್ದ ಚಾಲಕನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡೆ. ಅವನು ಎದುರಾಡದೆ ಜೇಬಿನಿಂದ ವೇಬ್ರಿಜ್ ಚೀಟಿ ತೆಗೆದು ಕೊಟ್ಟ. ಆರೂವರೆ ಟನ್, ಕಿಲೋ ಸಹ ಕಡಿಮೆಯಿಲ್ಲ. ರಾತ್ರಿ ಮಳೆ ಬಂದು ಕಲ್ಲು ನೆನೆದಿತ್ತು, ಆ ತೂಕದಲ್ಲಿ ನೀರಿನ ಪಾಲೂ ಇತ್ತು ಎಂದು ವಾದಿಸಬಹುದಿತ್ತು. ಆದರೆ 21 ಮೀಟರ್ ದಾರಿ ನುಂಗುವಷ್ಟು ನೀರು ಜಲ್ಲಿಯಲ್ಲಿ ನಿಲ್ಲುವುದಿಲ್ಲ.

ಮೇಸ್ತ್ರಿ ತುಟಿ ಬಿಚ್ಚದೆ ಒಂದು ಕಬ್ಬಿಣದ ಸರಳು ತಂದು ಕೈಗಿಟ್ಟರು. ಹತ್ತು ಕಡೆ ಚುಚ್ಚಿ ಅಳೆದೆ. ಅಂಚಿನಲ್ಲಿ ಐದು ಸೆಂಟಿಮೀಟರ್, ನಕ್ಷೆಯಲ್ಲಿದ್ದಷ್ಟೇ. ನಡುವೆ ಒಂಬತ್ತು. ಅಗೆದ ತಳ ಬಾಣಲಿಯ ಹಾಗೆ ತಗ್ಗಾಗಿತ್ತು. ನಾನು ಟೇಪು ಇಟ್ಟಿದ್ದು ಅಂಚಿನ ಒಂದೇ ಕಡೆ, ಅದೂ ಹಲಗೆಗೆ ಒರಗಿಸಿ. ಸರಾಸರಿ ಏಳು ಬಂತು. ನೆಲದ ಉದ್ದಗಲದಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ದಪ್ಪದಲ್ಲಿ ತಪ್ಪಿದಾಗ ಐದಕ್ಕೆ ಎರಡು ಕೂಡಿ, ಬೇಕಾದ ಜಲ್ಲಿ ಆರು ಘನ ಮೀಟರ್, ಅಂದರೆ ಒಂಬತ್ತು ಟನ್ ಆಯಿತು. ಮ್ಯಾನೇಜರ್ ಕಿತ್ತುಹಾಕಿದ ಶೇಕಡ 10 ಉಳಿದಿದ್ದರೂ ಸಾಕಾಗುತ್ತಿರಲಿಲ್ಲ. ಈ ಮಾತನ್ನು ಕಚೇರಿಯಲ್ಲಿ ನಾನು ಈವರೆಗೆ ಹೇಳಿಲ್ಲ.

ಚಾಲಕನ ಕ್ಷಮೆ ಕೇಳಿದೆ. "ಇರಲಿ ಬಿಡಿ ಸರ್" ಎಂದು ಚೀಟಿ ಮಡಚಿಕೊಂಡು ಹೋದ.

ಬೇಕಾಗಿದ್ದದ್ದು ಇನ್ನು ಎರಡೂವರೆ ಟನ್. ಐದು ಟನ್‌ಗಿಂತ ಕಡಿಮೆಗೆ ಗಾಡಿ ಹೊರಡುವುದಿಲ್ಲ ಎಂದರು. ಎರಡನೆಯ ಲೋಡು ಬಂದಾಗ ಕಲ್ಲಿನ ಗಾತ್ರ ಅದೇ, ಬಣ್ಣ ಮಾತ್ರ ಬೇರೆ: ಮೊದಲಿನದು ಬೂದು, ಇದು ತುಸು ಹಳದಿ. ಕ್ವಾರಿಯಲ್ಲಿ ಬಂಡೆಯ ಪದರ ಬದಲಾದರೆ ಜಲ್ಲಿಯ ಬಣ್ಣವೂ ಬದಲಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಹಾಸಿದ್ದನ್ನೆಲ್ಲ ಕೆದಕಿ ಎರಡೂ ಬಣ್ಣ ಬೆರೆಸಲು ನಾಲ್ಕು ಆಳುಗಳಿಗೆ ಒಂದು ದಿನ ಹಿಡಿಯಿತು.

ಮಿಕ್ಕ ಎರಡೂವರೆ ಟನ್ ಹಳದಿ ಜಲ್ಲಿ ಇಂದಿಗೂ ಅವರ ಗೇಟಿನ ಪಕ್ಕದಲ್ಲಿದೆ, ಮೇಲೆ ಹುಲ್ಲು ಹುಟ್ಟಿದೆ. ಯಾವಾಗ ಒಯ್ಯುತ್ತೀರಿ ಎಂದು ಮನೆಯೊಡತಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ.