ಮಾತಿಲ್ಲದ ಅನಿಮೇಷನ್ ಚಿತ್ರ: ಎರಡನೇ ರೀಲಿನ ಪ್ರಗತಿ

ಗುರಿ 80 ನಿಮಿಷ, ಸೆಕೆಂಡಿಗೆ 24 ಫ್ರೇಮ್, ಕೆಲಸವೆಲ್ಲ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ. ಮೊದಲ ರೀಲಿನ ಅನಿಮ್ಯಾಟಿಕ್ (ಶಾಟ್‌ಗಳನ್ನು ಸಮಯಕ್ಕೆ ಜೋಡಿಸಿದ ಕರಡು ಚಿತ್ರ) ಬಹುಪಾಲು ಲಾಕ್ ಆಗಿದೆ. ಎರಡನೆಯದು ಇನ್ನೂ ಕುಂಟುತ್ತಿದೆ.

ಮಾತಿಲ್ಲದ ಪೂರ್ಣಪ್ರಮಾಣದ ಚಿತ್ರ ಗೆಲ್ಲುತ್ತದೆಯೇ ಎನ್ನುವುದಕ್ಕೆ ‘ದಿ ರೆಡ್ ಟರ್ಟಲ್’ (2016), ‘ಫ್ಲೋ’ (2024) ಉತ್ತರ ಕೊಟ್ಟಾಗಿದೆ. ‘ಫ್ಲೋ’ಗೆ 2025ರಲ್ಲಿ ಆಸ್ಕರ್ ಕೂಡ ಬಂತು, ಅದೂ ಬ್ಲೆಂಡರ್‌ನಲ್ಲೇ ಮಾಡಿದ್ದು. ಮಾತು ತೆಗೆದರೆ ಯಾವುದು ಕೈಕೊಡುತ್ತದೆ ಎನ್ನುವುದೇ ಈಗಿನ ತಲೆನೋವು. ಭಾವನೆಯಂತೂ ಅಲ್ಲ. ಅಳು, ಸಿಟ್ಟು, ಭಯ ಮುಖದಲ್ಲೂ ನಡಿಗೆಯಲ್ಲೂ ಸಿಗುತ್ತವೆ. ಸಿಗದಿರುವುದು ‘ನಾಳೆ ಬರ್ತೀನಿ’ ಎನ್ನುವಂಥದ್ದು.

ಎರಡನೇ ರೀಲಿನ ಗಂಟು ಅಲ್ಲೇ ಇದೆ. ಕಥೆಯ ಅಂಬಿಗ ಗಾಯಗೊಂಡ ಕೊಕ್ಕರೆಯನ್ನು ದಡದಲ್ಲಿ ಮಲಗಿಸಿ, ಮದ್ದು ತರಲು ನಡೆದು ಹೋಗುತ್ತಾನೆ. ನೋಡಿದವರಿಗೆ ಅದು ‘ಬಿಟ್ಟು ಹೋದ’ ಎಂದೇ ಕಾಣುತ್ತದೆ. ಅವನು ತಿರುಗಿ ನೋಡುವ ಶಾಟ್ ಹಾಕಿದರೆ ವಿದಾಯ ಇನ್ನಷ್ಟು ಗಟ್ಟಿಯಾಗುತ್ತದೆ. ಈಗಿನ ಪರಿಹಾರ: ದೋಣಿಯ ಹುಟ್ಟನ್ನು ಹಕ್ಕಿಯ ಪಕ್ಕ ಮರಳಿನಲ್ಲಿ ನೆಟ್ಟು ಹೋಗುವುದು. ಆದರೆ ಅವನು ಹುಟ್ಟನ್ನು ಬಿಟ್ಟಿರುವವನೇ ಅಲ್ಲ ಎಂದು ಮೊದಲೇ ಗೊತ್ತಿರಬೇಕು. ಹಾಗಾಗಿ ಮೊದಲ ರೀಲಿಗೆ ಎರಡು ಶಾಟ್ ಸೇರುತ್ತವೆ: ತೊಡೆಯ ಮೇಲಿಟ್ಟುಕೊಂಡು ಉಣ್ಣುವುದು, ತಬ್ಬಿಕೊಂಡು ಮಲಗುವುದು. ತಲಾ 48 ಫ್ರೇಮ್ ಬೇಕು. 30ಕ್ಕೆ ಇಳಿಸಿದರೆ ಮಲಗಿದ ಮನುಷ್ಯ ಮಾತ್ರ ಕಾಣುತ್ತಾನೆ, ಹುಟ್ಟು ಕಾಣುವುದಿಲ್ಲ. ಹಿನ್ನೆಲೆ ತಿಳಿಯಾಗಿರಲಿ, ಕಪ್ಪು ನೀರಿನ ಮುಂದೆ ಕಂದು ಮರ ಕರಗಿಹೋಗುತ್ತದೆ.

ನೋಟದ ಟೈಮಿಂಗ್: ಮೊದಲು ಕಣ್ಣು, 3–4 ಫ್ರೇಮ್ ಬಿಟ್ಟು ತಲೆ, ತಿರುಗುವ ನಡುವೆ ಒಂದು ರೆಪ್ಪೆ ಬಡಿತ. ಆಮೇಲೆ 8–12 ಫ್ರೇಮ್ ನಿಲ್ಲಿಸಿಯೇ ಕಟ್. ತಲೆ ಇನ್ನೂ ಚಲಿಸುತ್ತಿರುವಾಗ ಕಟ್ ಮಾಡಿದರೆ ನೋಡುಗರ ಕಣ್ಣು ಆ ಚಲನೆಯ ಬೆನ್ನು ಹತ್ತಿರುತ್ತದೆ, ಮುಂದಿನ ಶಾಟಿನ ವಸ್ತು ತಪ್ಪಿಹೋಗುತ್ತದೆ. ನಿಲ್ಲಿಸುವುದೆಂದರೆ ಹೆಪ್ಪುಗಟ್ಟಿಸುವುದಲ್ಲ. 3ಡಿಯಲ್ಲಿ ಪೂರ್ತಿ ನಿಂತ ದೇಹ ಹೆಣದಂತೆ ಕಾಣುತ್ತದೆ, ಎದೆಯಲ್ಲಿ ಉಸಿರಾಡಬೇಕು. ಮಾತಿಗೆ ತುಟಿ ಹೊಂದಿಸುವ ಕೆಲಸ ತಪ್ಪಿತು ಎಂದು ಹಿಗ್ಗುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸೌಂಡ್: ಸಾಮಾನ್ಯ ಚಿತ್ರದಲ್ಲಿ ಹಿನ್ನೆಲೆ ಸದ್ದಿನ ಹೊಲಿಗೆಯನ್ನು ಮಾತು ಮುಚ್ಚುತ್ತದೆ. ಇಲ್ಲಿ ಪ್ರತಿ ಕಟ್ಟೂ ಕಿವಿಗೆ ಬೀಳುತ್ತದೆ. ನದಿಯ ಸದ್ದು ಇಡೀ ದೃಶ್ಯಕ್ಕೆ ಒಂದೇ ಟ್ರ್ಯಾಕ್. ಜಾಗ ಬದಲಾದಾಗ ಕನಿಷ್ಠ 12 ಫ್ರೇಮ್ ಕ್ರಾಸ್‌ಫೇಡ್, ಅಂದರೆ ಒಂದು ಸದ್ದು ಇಳಿಯುತ್ತಿದ್ದಂತೆ ಇನ್ನೊಂದು ಏರುವುದು. ಬಟ್ಟೆ, ಮರ, ಹೆಜ್ಜೆಯ ಫೋಲಿ (ಚಿತ್ರ ನೋಡಿಕೊಂಡು ಬೇರೆಯಾಗಿ ಮಾಡಿ ಹಿಡಿಯುವ ಸದ್ದು) ಮೈಕಿಗೆ ತೀರಾ ಹತ್ತಿರ. ಕೊಕ್ಕರೆಗೆ ಕೊಕ್ಕರೆಯದೇ ದನಿ ಬೇಕೆಂದಿಲ್ಲ: ‘ಫ್ಲೋ’ದ ಕ್ಯಾಪಿಬರಾಗೆ ಇರುವುದು ಒಂಟೆಮರಿಯ ದನಿ.

ಪರೀಕ್ಷೆಗೆ ಸಂಗೀತ ಬಂದ್ ಮಾಡಿ, ಕಥೆ ಗೊತ್ತಿಲ್ಲದವರಿಗೆ ತೋರಿಸಬೇಕು. ‘ಅರ್ಥವಾಯಿತಾ?’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಹೂಂ ಅನ್ನುತ್ತಾರೆ. ದೃಶ್ಯದ ನಡುವೆ ನಿಲ್ಲಿಸಿ ‘ಇವನೀಗ ಏನು ಮಾಡಲು ಹೊರಟಿದ್ದಾನೆ?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ.

ಮುಂದಿನದು ಕಾಯುವ ದೃಶ್ಯ. ನೆಟ್ಟ ಹುಟ್ಟಿನ ನೆರಳು ಮೂರು ಶಾಟ್‌ಗಳಲ್ಲಿ ಹಕ್ಕಿಯನ್ನು ದಾಟಬೇಕು. ಕ್ಯಾಮೆರಾ ಲಾಕ್, ಬದಲಾಗುವುದು ಸನ್ ಲೈಟಿನ ಕೋನ ಮಾತ್ರ. ಕ್ಯಾಮೆರಾ ಚೂರು ಸರಿದರೂ ನೋಡುಗರು ಹೊತ್ತು ಸರಿದಿದೆ ಎಂದುಕೊಳ್ಳುವ ಬದಲು ಜಾಗವೇ ಬೇರೆ ಎಂದುಕೊಳ್ಳುತ್ತಾರೆ.