ದೊಡ್ಡಪ್ಪ ಬರೆದ ತೀರ್ಥಹಳ್ಳಿ

ಮೊದಲ ಪುಟದ ಮೊದಲ ಸಾಲಿನಲ್ಲೇ ‘ತೀಥ್ರಹಳ್ಳಿ’ ಅಂತ ಇತ್ತು.

ದೊಡ್ಡಪ್ಪ ಮೂವತ್ತು ವರ್ಷಕ್ಕೂ ಜಾಸ್ತಿ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ, ಮಗಳು ಬಿಟ್ಟುಹೋದ ಹಳೆ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪಿಂಗ್ ಕಲಿತರು. ತಾವು ಕೆಲಸ ಮಾಡಿದ ಊರುಗಳ ನೆನಪನ್ನು ಎರಡು ಮಳೆಗಾಲ ಕೂತು ಬರೆದಿದ್ದಾರೆ. ಒಟ್ಟು ನಲವತ್ತು ಪುಟ. ಹೋದ ವರ್ಷ ಜುಲೈನಲ್ಲಿ ಅದನ್ನು ತಿದ್ದಿಕೊಡಲು ಶಿವಮೊಗ್ಗದಿಂದ ಅವರ ಮನೆಗೆ ಹೋಗಿದ್ದೆ. ತುಂಗೆ ತುಂಬಿ ರಾಮ ಮಂಟಪ ಮುಳುಗುವ ಹೊತ್ತು. ಬಸ್ಸಿನಲ್ಲಿ ಎಲ್ಲರದ್ದೂ ಅದೇ ಮಾತು.

ಅರ್ಕಾವತ್ತು ಇರುವ ಪದಗಳೆಲ್ಲ ಹೀಗೇ ಆಗಿದ್ದವು. ವರ್ಷ ಹೋಗಿ ವಷ್ರ, ಮಾರ್ಗ ಹೋಗಿ ಮಾಗ್ರ, ಕರ್ನಾಟಕ ಹೋಗಿ ಕನ್ರಾಟಕ. ಕಾರಣ ಅವರ ಕೈಯ ಅಭ್ಯಾಸ. ಕಾಗದದ ಮೇಲೆ ನಾವು ಮೊದಲು ಥ ಬರೆದು, ಆಮೇಲೆ ಅದರ ಮುಂದೆ ಅರ್ಕಾವತ್ತು ಹಾಕುತ್ತೇವೆ, ಅಲ್ವಾ? ಅವರು ಅದೇ ಕ್ರಮದಲ್ಲಿ ಕೀ ಒತ್ತಿದ್ದಾರೆ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡುವ ಪದ್ಧತಿಯಾದ ಯೂನಿಕೋಡ್ ಮಾತ್ರ ಬಾಯಲ್ಲಿ ಹೇಳುವ ಕ್ರಮವನ್ನೇ ಇಟ್ಟುಕೊಳ್ಳುತ್ತದೆ. ಮೊದಲು ರ, ಆಮೇಲೆ ವಿರಾಮದ ಗುರುತು (ರ ವನ್ನು ‘ರ್’ ಮಾಡುವ ಗುರುತು), ಆಮೇಲೆ ಥ. ತಪ್ಪಾಗಿದ್ದು ಅವರಿಗೂ ಗೊತ್ತಿತ್ತು. ಪ್ರಿಂಟ್ ತೆಗೆಸಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದರು. ಪುಟಪುಟಕ್ಕೂ ಹತ್ತು ಹದಿನೈದು ಕೆಂಪು ಗುರುತು.

ಎಲ್ಲವನ್ನೂ ಒಟ್ಟಿಗೆ ಹುಡುಕಿ ಬದಲಿಸುವ ಹಾಗಿರಲಿಲ್ಲ. ನಮ್ಮ ಕಡೆಯ ಹೆಸರುಗಳಲ್ಲಿ ಸರಿಯಾದ ರ ಒತ್ತೂ ಬೇಕಾದಷ್ಟಿದೆ. ಭದ್ರಾವತಿ, ಕುಂದಾದ್ರಿ, ಚಂದ್ರಗುತ್ತಿ, ಅಗ್ರಹಾರ. ಒಂದೇ ಏಟಿಗೆ ಬದಲಿಸಿದರೆ ಭದ್ರಾವತಿ ಹೋಗಿ ಭರ್ದಾವತಿ ಆಗುತ್ತಿತ್ತು. ಒಂದೊಂದನ್ನೇ ನೋಡಿ ತಿದ್ದಬೇಕು.

ನಾನು ಬರೆಯುವುದು, ತಿದ್ದುವುದು ಎಲ್ಲ ಈಮ್ಯಾಕ್ಸ್ ಅನ್ನುವ ಬರಹ ತಿದ್ದುವ ತಂತ್ರಾಂಶದಲ್ಲಿ. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ದೊಡ್ಡಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಕರ್ಸರನ್ನು ‘ತೀ’ ದಾಟಿಸಿದೆ. ಮುಂದಿನ ಬಾಣದ ಕೀ ಒತ್ತಿದರೆ ಅದು ‘ಥ್ರ’ವನ್ನು ಪೂರ್ತಿ ಹಾರಿ ‘ಹ’ದ ಮೇಲೆ ನಿಂತಿತು. ಹಿಂದೆ ಬಂದರೆ ಮತ್ತೆ ‘ಥ್ರ’ದ ಮೇಲೆ, ಇಡೀ ಅಕ್ಷರವನ್ನು ಮುಚ್ಚಿಕೊಂಡು. ಒಳಗೆ ಕಾಲಿಡಲು ಜಾಗವೇ ಇಲ್ಲ. ಡಿಲೀಟ್ ಒತ್ತಿದೆ. ಮೂರೂ ಒಟ್ಟಿಗೆ ಮಾಯ.

“ಬರೀ ಆ ಥ ಒಂದನ್ನ ತೆಗಿ ಮಾರಾಯ. ಪೂರಾ ಯಾಕೆ ಅಳಿಸ್ತೀಯ?” ಅಂದರು ದೊಡ್ಡಪ್ಪ.

ಬ್ಯಾಕ್‌ಸ್ಪೇಸ್ ಹಾಗಲ್ಲ. ಅದು ಹಿಂದಿನಿಂದ ಒಂದೊಂದನ್ನೇ ಅಳಿಸುತ್ತದೆ. ಆದರೆ ಅಲ್ಲೂ ಒಂದು ತೊಡಕಿದೆ. ‘ಥ್ರ’ದ ರ ಅಳಿಸಿದ ಕೂಡಲೇ, ಉಳಿದ ‘ಥ್’ ಮುಂದಿನ ‘ಹ’ ಜೊತೆ ಸೇರಿ ‘ಥ್ಹ’ ಆಗಿಬಿಡುತ್ತದೆ. ಆಗ ಕರ್ಸರ್ ನಿಜವಾಗಿ ಇರುವುದು ಆ ಎರಡರ ನಡುವೆ. ತೆರೆಯ ಮೇಲೆ ಮಾತ್ರ ಅದು ಹೊಸ ಅಕ್ಷರದ ಮೇಲೆ ಕೂತ ಹಾಗೆ ಕಾಣುತ್ತದೆ. ಕಣ್ಣನ್ನು ನಂಬದೆ, ಲೆಕ್ಕ ಇಟ್ಟುಕೊಂಡು ಕೀ ಒತ್ತಬೇಕು. ಮೂರು ಸಲ ಅಳಿಸು, ಮೂರು ಸಲ ಬರೆ. ಕನ್ರಾಟಕದ ‘ನ್ರಾ’ದಲ್ಲಿ ದೀರ್ಘವೂ ಇರುವುದರಿಂದ ನಾಲ್ಕು ಸಲ. ಎರಡು ಪುಟ ಮುಗಿಯುವಷ್ಟರಲ್ಲಿ ಒಂದು ಗಂಟೆಯಾಯಿತು. ನಡುವೆ ಒಮ್ಮೆ ಲೆಕ್ಕ ತಪ್ಪಿ ಸರಿಯಿದ್ದ ಪದವನ್ನೂ ಕೆಡಿಸಿದೆ.

ಕರೆಂಟ್ ಹೋಯಿತು. ದೊಡ್ಡಮ್ಮ ಕಷಾಯ, ಹಲಸಿನ ಹಪ್ಪಳ ತಂದಿಟ್ಟರು. ಬ್ಯಾಟರಿ ಇನ್ನೂ ಇತ್ತು.

ಹಪ್ಪಳ ತಿನ್ನುತ್ತಾ ದೊಡ್ಡಪ್ಪನಿಗೆ ಹೇಳುತ್ತಾ ಹೋದೆ. ಅಕ್ಷರದ ಆಕಾರ ಈಮ್ಯಾಕ್ಸ್‌ಗೆ ತಾನಾಗಿ ಗೊತ್ತಿಲ್ಲ. ಅದು ರ, ವಿರಾಮ, ಥ ಮೂರನ್ನೂ ಹಾರ್ಫ್‌ಬಝ್ ಅನ್ನುವ ಇನ್ನೊಂದು ತಂತ್ರಾಂಶದ ಕೈಗೆ ಕೊಡುತ್ತದೆ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಹೀಗಿದೆ. ಹಾರ್ಫ್‌ಬಝ್ ಫಾಂಟನ್ನು ನೋಡಿ, ಆಕಾರಗಳನ್ನು ಜೋಡಿಸಿ, ಒಂದು ಗಂಟಾಗಿ ವಾಪಸ್ ಕೊಡುತ್ತದೆ. ಆ ಗಂಟನ್ನು ತೆರೆಯ ಮೇಲೆ ಇಡುವ ಭಾಗಕ್ಕೆ ಅದು ಒಂದೇ ವಸ್ತು. ಕರ್ಸರ್ ನಿಲ್ಲುವುದು ಗಂಟಿನ ಈಚೆ, ಇಲ್ಲ ಆಚೆ.

ಅದು ತಪ್ಪು ಅಂತಲೂ ನನಗೆ ಅನಿಸುವುದಿಲ್ಲ. ‘ರ್ಥ’ ಬರೆದಿಟ್ಟು ನೋಡಿ. ಮೊದಲು ಬರುವ ರ ಕಣ್ಣಿಗೆ ಕಾಣುವುದು ಕೊನೆಯಲ್ಲಿ. ‘ಮೇಷ್ಟ್ರು’ವಿನಲ್ಲಿ ಟ, ರ ಎರಡೂ ಷದ ಅಡಿಗೆ ಹೋಗಿವೆ. ರ ಮತ್ತು ಥ ನಡುವೆ ಗೆರೆ ಎಳೆಯಿರಿ ಅಂದರೆ ಎಲ್ಲಿ ಎಳೆಯುವುದು? ಓದುವಾಗ, ಸಾಲಿನಲ್ಲಿ ಓಡಾಡುವಾಗ ಅಕ್ಷರದಿಂದ ಅಕ್ಷರಕ್ಕೆ ಹೋಗುವುದೇ ಚೆಂದ. ಯೂನಿಕೋಡ್‌ಗಿಂತ ಮುಂಚಿನ ಕನ್ನಡ ಫಾಂಟುಗಳಲ್ಲಿ ಒತ್ತು, ದೀರ್ಘ ಎಲ್ಲ ಕಂಡಂತೆ ತುಂಡುತುಂಡಾಗಿ ಇರುತ್ತಿದ್ದವು. ಕರ್ಸರ್ ಒಳಗೆ ಹೋಗುತ್ತಿತ್ತು, ನಿಜ. ಆದರೆ ಅಲ್ಲಿ ಇದ್ದದ್ದು ಚಿತ್ರದ ಚೂರುಗಳು, ಅಕ್ಷರವಲ್ಲ. ನನಗೆ ಅದು ವಾಪಸ್ ಬೇಡ. ನನಗೆ ಬೇಕಾದದ್ದು ಇಷ್ಟೇ: ತಿದ್ದುವವನು ಕೇಳಿದಾಗ ಗಂಟು ಬಿಚ್ಚಿಕೊಳ್ಳಬೇಕು.

“ಕ್ಲಾಸಲ್ಲಿ ನಾವು ಮಕ್ಕಳಿಗೆ ಬಿಡಿಸಿಯೇ ಹೇಳಿಕೊಡ್ತಿದ್ದದ್ದಲ್ವಾ? ಇದಕ್ಕೆ ಬಿಡಿಸೋಕೆ ಬರಲ್ವಾ?” ಅಂತ ದೊಡ್ಡಪ್ಪ ಕೇಳಿದರು.

ಆ ಮಾತಿನಿಂದಲೇ ಹುಡುಕಲು ಶುರು ಮಾಡಿದೆ. ನೆಟ್‌ವರ್ಕ್ ಇರಲಿಲ್ಲ. ಈಮ್ಯಾಕ್ಸ್ ಒಳಗೇ ಅದರ ಕೈಪಿಡಿ, ಪ್ರತಿ ಆವೃತ್ತಿಯಲ್ಲಿ ಹೊಸದಾಗಿ ಬಂದದ್ದರ ಪಟ್ಟಿ ಎಲ್ಲ ಇರುತ್ತದೆ. 29ನೇ ಆವೃತ್ತಿಯ ಪಟ್ಟಿಯಲ್ಲಿ ಸಿಕ್ಕಿತು: ‘ಕಂಪೊಸಿಷನ್-ಬ್ರೇಕ್-ಅಟ್-ಪಾಯಿಂಟ್’, ಅಂದರೆ ಕರ್ಸರ್ ಇರುವಲ್ಲಿ ಗಂಟು ಬಿಚ್ಚುವ ಆಯ್ಕೆ. 2023ರಲ್ಲಿ ಬಂದದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಸುಮ್ನೆ ಆಫ್ ಆಗಿ ಕೂತಿತ್ತು. ಆನ್ ಮಾಡಿದೆ.

ಕರ್ಸರ್ ‘ತೀ’ ದಾಟಿತು. ‘ಥ್ರ’ ಬಿಚ್ಚಿಕೊಂಡಿತು. ಥ ಬೇರೆ, ವಿರಾಮ ಬೇರೆ, ರ ಬೇರೆ. ನಡುವೆ ನಿಂತು ಥ ಅಳಿಸಿ ರ ಹಾಕಿದೆ, ಕೊನೆಯ ರ ಅಳಿಸಿ ಥ ಹಾಕಿದೆ. ವಿರಾಮ ಮುಟ್ಟಲೇ ಇಲ್ಲ. ಕರ್ಸರ್ ಮುಂದೆ ಹೋದ ತಕ್ಷಣ ಮೂರೂ ಒಂದಾಗಿ ‘ತೀರ್ಥಹಳ್ಳಿ’ ಆಯಿತು. ಎಷ್ಟು ಖುಷಿಯಾಯಿತು ಅಂದರೆ, ಬೇಕು ಅಂತಲೇ ನಾಲ್ಕೈದು ಸಲ ಹಿಂದೆ ಮುಂದೆ ಓಡಾಡಿಸಿದೆ. ದಿನವಿಡೀ ಇದು ಆನ್ ಇದ್ದರೆ ಅಕ್ಷರಗಳು ಬಿಚ್ಚಿ ಕೂಡುತ್ತಾ ಕಣ್ಣಿಗೆ ಕಿರಿಕಿರಿ. ತಿದ್ದುವಾಗ ಮಾತ್ರ ಇರಲಿ ಅಂತ ಒಂದು ಕೀಗೆ ಕಟ್ಟಿಕೊಂಡೆ.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ‘ಮೇಷ್ಟ್ರು’ ಇದ್ದ ಕಡೆ ಹೋಗಿ ಬಾಣದ ಕೀಯನ್ನು ನಿಧಾನಕ್ಕೆ, ಒಂದೊಂದೇ ಸಲ ಒತ್ತಿದರು. ಜೊತೆಗೆ ಬಾಯಲ್ಲಿ, ಥೇಟ್ ಕ್ಲಾಸಿನಲ್ಲಿ ಹೇಳುವ ಹಾಗೆ: “ಷ. ಟ ಒತ್ತು. ರ ಒತ್ತು. ಕೊಂಬು.”

ಅವತ್ತು ರಾತ್ರಿ ಬ್ಯಾಟರಿ ಮುಗಿಯುವ ಹೊತ್ತಿಗೆ ಇಪ್ಪತ್ತೆರಡನೇ ಪುಟದವರೆಗೆ ಬಂದಿದ್ದೆವು. ಕೆಂಪು ಗುರುತು ಓದುತ್ತಿದ್ದವನು ನಾನು. ಕೀ ಒತ್ತುತ್ತಿದ್ದವರು ಅವರು.